ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳಿಗೆ ಹೊಸ ಪೆಟ್ರೋಲ್ ಟ್ಯಾಂಕ್ ಕೂಡಿಸುವ ಕ್ರಮ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಇಂದಿಗೂ ಓಡಾಡುವ ಸ್ಥಿತಿಯಲ್ಲಿರುವ ಹಳೆಯ ಕಾರುಗಳೆಂದರೆ ಮೊದಲು ನೆನಪಾಗುವವು ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಅವುಗಳ ಎಂಜಿನ್, ಬಣ್ಣ, ಸೀಟಿನ ಹೊದಿಕೆಗಳ ಬಗ್ಗೆ ಮಾಲೀಕರಿಗೆ ಇರುವ ಕಾಳಜಿ ಪೆಟ್ರೋಲ್ ಟ್ಯಾಂಕಿನ ಬಗ್ಗೆ ಇರುವುದಿಲ್ಲ; ಸೋರತೊಡಗಿದ ಮೇಲೂ ಬಟ್ಟೆ ತೊಳೆಯುವ ಸಾಬೂನನ್ನು ತೂತಿಗೆ ತಿಕ್ಕಿ ಕೆಲವು ದಿನ ದೂಡುವುದುಂಟು. ಸಾಬೂನು ಪೆಟ್ರೋಲಿನಲ್ಲಿ ಕರಗದ ಕಾರಣ ಈ ಉಪಾಯ ಗ್ಯಾರೇಜ್ ಮುಟ್ಟುವಷ್ಟು ದೂರಕ್ಕೆ ನಡೆದೀತು, ಅದರಾಚೆಗೆ ಅದನ್ನು ನಂಬುವಂತಿಲ್ಲ. ಟ್ಯಾಂಕ್ ಬದಲಿಸುವುದನ್ನು ನಾಲ್ಕು ಬೋಲ್ಟ್ ಬಿಚ್ಚಿ ನಾಲ್ಕು ಬೋಲ್ಟ್ ಬಿಗಿಯುವ ಕೆಲಸವೆಂದು ಮಿಸ್ತ್ರಿಗಳು ಹೇಳುತ್ತಾರೆ, ಬೋಲ್ಟುಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಹೊಸ ಟ್ಯಾಂಕ್ ಕೂಡಿಸಿದ ಮೇಲೆ ಕಾಡುವ ತೊಂದರೆಗಳು, ಅಂದರೆ ಅಲುಗಾಡದ ಪೆಟ್ರೋಲ್ ಗೇಜಿನ ಮುಳ್ಳು, ಸ್ವಲ್ಪ ದೂರ ಓಡಿ ನಿಂತುಬಿಡುವ ಎಂಜಿನ್, ಡಿಕ್ಕಿಯೊಳಗೆ ಹೋಗದೆ ಉಳಿಯುವ ಪೆಟ್ರೋಲ್ ವಾಸನೆ, ಬಹುಮಟ್ಟಿಗೆ ಟ್ಯಾಂಕನ್ನು ಗಾಡಿಯ ಕೆಳಗೆ ಒಯ್ಯುವ ಮೊದಲು ನೋಡಬೇಕಾದುದನ್ನು ನೋಡದಿದ್ದುದರಿಂದಲೇ ಬರುತ್ತವೆ. ಆದುದರಿಂದ ಇಲ್ಲಿ ಬಿಚ್ಚುವ, ಬಿಗಿಯುವ ಮಾತಿಗಿಂತ ಅದಕ್ಕೆ ಮುಂಚಿನ ತಪಾಸಣೆಗೆ ಹೆಚ್ಚು ಜಾಗ ಕೊಡಲಾಗಿದೆ.

ಟ್ಯಾಂಕ್ ಹೋಗಿದೆಯೆಂದು ತಿಳಿಯುವುದು

ತುಕ್ಕು ಟ್ಯಾಂಕನ್ನು ಎರಡು ಕಡೆಯಿಂದ ತಿನ್ನುತ್ತದೆ. ಒಳಗಿನ ತುಕ್ಕಿಗೆ ಕಾರಣ ನೀರು. ಅರ್ಧ ಖಾಲಿ ಇರುವ ಟ್ಯಾಂಕಿನ ಗಾಳಿಯಲ್ಲಿರುವ ತೇವವು ರಾತ್ರಿಯ ತಂಪಿಗೆ ಹನಿಗಟ್ಟಿ, ಪೆಟ್ರೋಲಿಗಿಂತ ಭಾರವಾದುದರಿಂದ ತಳಕ್ಕೆ ಇಳಿದು ಕೂಡುತ್ತದೆ. ಕಬ್ಬಿನಿಂದಲೂ ಗೋವಿನಜೋಳದಂಥ ಧಾನ್ಯಗಳಿಂದಲೂ ತಯಾರಾಗುವ ಎಥೆನಾಲನ್ನು ಶೇಕಡಾ 20ರಷ್ಟು ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬಂಕುಗಳಿಗೆ ಬರತೊಡಗಿ, 2025ರ ಹೊತ್ತಿಗೆ ಎಲ್ಲೆಡೆ ಸಾಮಾನ್ಯವಾಗಿದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರಿನ ಪ್ರಮಾಣ ಮಿತಿ ಮೀರಿದಾಗ ಎಥೆನಾಲ್ ಮತ್ತು ನೀರು ಜೊತೆಗೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳದಲ್ಲಿ ಪದರಾಗಿ ನಿಲ್ಲುತ್ತವೆ. ತಿಂಗಳಿಗೊಮ್ಮೆ ಹೊರತೆಗೆಯುವ ಕಾರಿಗೆ ಇದರಿಂದ ಆಗುವ ಹಾನಿ ದಿನವೂ ಓಡುವ ಕಾರಿಗಿಂತ ಹೆಚ್ಚು.

ಹೊರಗಿನ ತುಕ್ಕಿಗೆ ನಮ್ಮ ಸೀಮೆಯ ಮಣ್ಣೇ ಕಾರಣ. ನವಲಗುಂದ, ನರಗುಂದ, ರೋಣದ ಎರೆಭೂಮಿಯಲ್ಲಿ ಮಳೆಗಾಲದಲ್ಲಿ ಓಡಿದ ಗಾಡಿಯ ಟ್ಯಾಂಕಿಗೂ ಅದನ್ನು ಹಿಡಿದಿರುವ ಕಬ್ಬಿಣದ ಪಟ್ಟಿಗೂ ನಡುವೆ ಎರೆಮಣ್ಣು ಸೇರಿಕೊಂಡರೆ, ಮೇಲೆ ಒಣಗಿದಂತೆ ಕಂಡರೂ ಒಳಗೆ ಬಹುಕಾಲ ಹಸಿಯಾಗಿಯೇ ಇರುತ್ತದೆ. ಅಂಥ ಪಟ್ಟಿಯನ್ನು ಕಳಚಿದಾಗ ಸುತ್ತಲಿನ ಕಪ್ಪು ಬಣ್ಣ ಇದ್ದ ಹಾಗೆಯೇ ಇದ್ದು, ಪಟ್ಟಿಯ ಅಗಲಕ್ಕೆ ಸರಿಯಾಗಿ ಮಾತ್ರ ಪದರು ಪದರಾಗಿ ಎದ್ದ ಕಂದು ತುಕ್ಕು ಕಾಣುತ್ತದೆ. ಉಗುರಿನಿಂದ ಕೆರೆದರೆ ಹಾಳೆಹಾಳೆಯಾಗಿ ಉದುರುತ್ತದೆ.

ಗಾಡಿಯ ಮೇಲೆ ಇರುವಾಗಲೇ ಟ್ಯಾಂಕಿನ ಸ್ಥಿತಿಯನ್ನು ಹೇಳುವ ಗುರುತುಗಳಿವೆ. ಪಾರದರ್ಶಕ ಪೆಟ್ರೋಲ್ ಫಿಲ್ಟರಿನಲ್ಲಿ ಕೆಂಪುಮಿಶ್ರಿತ ಕಂದು ಪುಡಿ ನಿಲ್ಲುವುದು, ಕಾರ್ಬ್ಯುರೇಟರಿನ ಬಟ್ಟಲಿನ ತಳದಲ್ಲಿ ಅದೇ ಪುಡಿ ಕೆಸರಾಗಿ ಕೂತಿರುವುದು, ಟ್ಯಾಂಕಿನ ಕೆಳಗಿನ ಬೆಸುಗೆಯ ಅಂಚಿನಲ್ಲಿ ಧೂಳು ಒದ್ದೆಯಾಗಿ ಮೆತ್ತಿಕೊಂಡಿರುವುದು ಇವುಗಳಲ್ಲಿ ಮುಖ್ಯವಾದವು. ಆದರೆ ವಾಸನೆಯೊಂದನ್ನೇ ನಂಬಿ ಟ್ಯಾಂಕಿಗೆ ಹಣ ಹಾಕಬಾರದು. ಪೂರ್ತಿ ತುಂಬಿಸಿದಾಗ ಮಾತ್ರ ವಾಸನೆ ಬಂದು, ಮಟ್ಟ ಇಳಿದಂತೆ ಅದು ನಿಂತುಹೋಗುವುದಾದರೆ, ದೋಷವಿರುವುದು ಪೆಟ್ರೋಲ್ ಹಾಕುವ ಬಾಯಿಯ ರಬ್ಬರ್ ಹೋಸಿನಲ್ಲಿ ಅಥವಾ ಗೇಜಿನ ಫ್ಲೋಟ್ (ಪೆಟ್ರೋಲಿನ ಮೇಲೆ ತೇಲಿ ಅದರ ಮಟ್ಟವನ್ನು ಗೇಜಿಗೆ ತಿಳಿಸುವ ಭಾಗ) ಕೂಡಿಸಿರುವ ಮುಚ್ಚಳದ ಪ್ಯಾಕಿಂಗಿನಲ್ಲಿ ಇರುವ ಸಂಭವವೇ ಹೆಚ್ಚು. ಅದು ಕೆಲವೇ ನೂರು ರೂಪಾಯಿಯ ಕೆಲಸ.

ಒಂದು ಸಣ್ಣ ತೂತು ಕಂಡ ಟ್ಯಾಂಕಿಗೆ ತೇಪೆ ಹಾಕಿಸಬಹುದಲ್ಲ ಎಂಬ ಪ್ರಶ್ನೆ ಸಹಜ. ತಳದ ತಗಡು ಒಂದು ಕಡೆ ತೂತು ಬೀಳುವಷ್ಟು ಸವೆದಿದ್ದರೆ ಅದರ ಅಕ್ಕಪಕ್ಕವೂ ಅಷ್ಟೇ ತೆಳುವಾಗಿರುತ್ತದೆ. ಬೆಸುಗೆಯ ಕಾವು ತಗುಲಿದೊಡನೆ ತೂತು ದೊಡ್ಡದಾಗುತ್ತ ಹೋಗುತ್ತದೆ. ಒಳಗೆ ಸುರಿದು ಬಳಿಯುವ ಲೇಪನಗಳಲ್ಲಿ ಹಲವು ಎಥೆನಾಲ್ ಇರುವ ಪೆಟ್ರೋಲಿಗೆ ಸಿಪ್ಪೆಯೆದ್ದು, ಆ ಸಿಪ್ಪೆ ಪೈಪನ್ನು ಕಟ್ಟುತ್ತದೆ. ಆದುದರಿಂದ ಬೇರೆ ಟ್ಯಾಂಕ್ ಸಿಗುವ ಗಾಡಿಗೆ ತೇಪೆ ಹಾಕಿಸುವುದು ನನ್ನ ಮಟ್ಟಿಗೆ ಒಪ್ಪತಕ್ಕ ಮಾತಲ್ಲ.

ಟ್ಯಾಂಕ್ ಎಲ್ಲಿಂದ, ಯಾವ ಲೋಹದ್ದು

ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾಡಾದ ಕಾರ್ಖಾನೆ 2014ರಲ್ಲಿ ನಿಂತಿತು. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ಈಗ ಸಿಗುವವು ಮೂರು ಬಗೆಯ ಟ್ಯಾಂಕುಗಳು: ಹಿಂದೆ ತಯಾರಾಗಿ ಬಳಕೆಯಾಗದೆ ದಾಸ್ತಾನಿನಲ್ಲಿ ಉಳಿದ ಮಾಲು, ಬಿಡಿಭಾಗದ ಅಂಗಡಿಗಳು ಮಾಡಿಸಿ ಮಾರುವ ನಕಲು, ಗುಜರಿಗೆ ಹೋದ ಗಾಡಿಯಿಂದ ತೆಗೆದದ್ದು. ಕೋಲ್ಕತ್ತಾದ ಮಲ್ಲಿಕ್ ಬಜಾರಿನಂಥ ಕಡೆಯಿಂದ ತರಿಸುವುದಾದರೆ, ಹಣ ಕಳಿಸುವ ಮೊದಲು ಟ್ಯಾಂಕಿನ ಮೇಲ್ಭಾಗ, ತಳ, ಬಾಯಿ, ಫ್ಲೋಟಿನ ತೂತು ಇವುಗಳ ಚಿತ್ರಗಳನ್ನು ಪಕ್ಕದಲ್ಲಿ ಅಳತೆಯ ಟೇಪ್ ಇಟ್ಟು ತೆಗೆಸಿ ತರಿಸಿಕೊಳ್ಳಬೇಕು. ಡೀಸೆಲ್ ಅಂಬಾಸಿಡರ್‌ನಿಂದ ತೆಗೆದ ಟ್ಯಾಂಕಾಗಿದ್ದರೆ, ಎಂಜಿನ್‌ನಿಂದ ಮರಳಿ ಬರುವ ಡೀಸೆಲಿನ ಪೈಪಿಗೆಂದು ಒಂದು ಬಾಯಿ ಹೆಚ್ಚಾಗಿರುತ್ತದೆ; ಪೆಟ್ರೋಲ್ ಗಾಡಿಗೆ ಹಾಕುವಾಗ ಅದನ್ನು ಲೋಹದ ಮುಚ್ಚಳದಿಂದ ಬಿಗಿಯಾಗಿ ಮುಚ್ಚಬೇಕು, ಅದಕ್ಕೂ ಮೊದಲು ಒಳಗಿನ ಡೀಸೆಲಿನ ಜಿಡ್ಡನ್ನು ತೊಳೆಯಬೇಕು.

ಯಾವುದೂ ಸಿಗದಿದ್ದರೆ ಹುಬ್ಬಳ್ಳಿಯ ಗೋಕುಲ ರಸ್ತೆ ಅಥವಾ ತಾರಿಹಾಳದ ಕೈಗಾರಿಕಾ ವಸಾಹತಿನಲ್ಲಿ ತಗಡಿನ ಕೆಲಸದವರಿಂದ ಮಾಡಿಸಬಹುದು. ಹಳೆಯ ಟ್ಯಾಂಕನ್ನೇ ಮಾದರಿಯಾಗಿ ಕೊಡಬೇಕು, ಕಾಗದದ ಮೇಲಿನ ಅಳತೆ ಸಾಲದು. ಕಪ್ಪು ಹಾಳೆಯಾದರೆ, ಅಂದರೆ ಲೇಪನವಿಲ್ಲದ ಸಾದಾ ಉಕ್ಕಿನ ತಗಡಾದರೆ, 18 ಗೇಜಿನದು, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ್ದು ಸರಿಹೋಗುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಆರ್ಗನ್ ವೆಲ್ಡಿಂಗ್‌ನಿಂದ ಮಾಡಿಸಿದರೆ ಒಳಗಿನ ತುಕ್ಕಿನ ಚಿಂತೆ ತೀರುತ್ತದೆ. ಜಸ್ತು ಲೇಪಿಸಿದ ಹಾಳೆ, ಅಂದರೆ ಮನೆಯ ಮೇಲೆ ಹೊದಿಸುವ ಜಿಐ ತಗಡಿನ ಬಗೆಯದು, ಬೇಡವೇ ಬೇಡ. ಎಥೆನಾಲ್ ಮತ್ತು ನೀರು ಸೇರಿ ಜಸ್ತನ್ನು ತಿಂದು ಬಿಳಿ ಪುಡಿ ಮಾಡುತ್ತವೆ, ಆ ಪುಡಿ ಕಾರ್ಬ್ಯುರೇಟರಿನ ಜೆಟ್ಟಿಗೆ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ, ಹೋಗಿ ಕೂಡುತ್ತದೆ. ಟ್ಯಾಂಕಿನ ಒಳಗೆ ಪೆಟ್ರೋಲ್ ಒಮ್ಮೆಲೇ ಒಂದು ಬದಿಗೆ ನುಗ್ಗದಂತೆ ತಡೆಯುವ ಅಡ್ಡಹಾಳೆಗಳನ್ನು ಇಡಿಸಲು ಮರೆಯಬಾರದು. ಮಾಡುವವರು ಕೆಲಸ ಉಳಿಸಲು ಇವನ್ನೇ ಮೊದಲು ಬಿಡುತ್ತಾರೆ. ಹಾಗೆ ಬಿಟ್ಟರೆ ತಿರುವಿನಲ್ಲಿ ಪೆಟ್ರೋಲ್ ಹೀರುವ ಪೈಪು ಬರಿ ಗಾಳಿಯನ್ನು ಎಳೆಯುತ್ತದೆ.

ಮೇಜಿನ ಮೇಲಿನ ಕೆಲಸ

ಹೊಸ ಟ್ಯಾಂಕ್ ಬಂದೊಡನೆ ಅದನ್ನು ಹಳೆಯದರೊಂದಿಗೆ, ಅಥವಾ ಹಳೆಯದು ಇನ್ನೂ ಗಾಡಿಯ ಮೇಲಿದ್ದರೆ ಅದರ ಅಳತೆಗಳೊಂದಿಗೆ ಹೋಲಿಸಬೇಕು. ಬೋಲ್ಟ್ ತೂತುಗಳ ಅಂತರ, ಬಾಯಿಯ ಕೊಳವೆ ತಿರುಗಿರುವ ಕೋನ, ಫ್ಲೋಟಿನ ತೂತಿನ ವ್ಯಾಸ ಮತ್ತು ಅದರ ಸುತ್ತಲಿನ ಸ್ಕ್ರೂ ತೂತುಗಳ ಜೋಡಣೆ, ಪೈಪಿನ ಬಾಯಿಯ ಥ್ರೆಡ್ ಇಷ್ಟನ್ನೂ ನೋಡಬೇಕು. ಹಲವು ಫ್ಲೋಟುಗಳ ಸ್ಕ್ರೂ ತೂತುಗಳು ಸಮಾನ ಅಂತರದಲ್ಲಿರುವುದಿಲ್ಲ. ಒಂದೇ ರೀತಿಯಲ್ಲಿ ಕೂಡಲೆಂದು ಬೇಕೆಂದೇ ಹಾಗೆ ಮಾಡಿರುತ್ತಾರೆ. ನಕಲು ಟ್ಯಾಂಕಿನಲ್ಲಿ ಈ ತೂತುಗಳನ್ನು ಸಮನಾಗಿ ಕೊರೆದುಬಿಟ್ಟಿದ್ದರೆ, ಫ್ಲೋಟನ್ನು ತಿರುಗಿಸಿ ಕೂಡಿಸುವ ಸಂಭವವಿದ್ದು, ಅದರ ಕೈ ಅಡ್ಡಹಾಳೆಗೆ ತಾಗಿ ನಿಂತುಬಿಡುತ್ತದೆ.

ಅನಂತರ ಒಳಗನ್ನು ತೊಳೆಯಬೇಕು. ಹೊಸ ಟ್ಯಾಂಕೆಂದರೆ ಚೊಕ್ಕಟವಾಗಿರುತ್ತದೆಂದು ತಿಳಿಯಬಾರದು. ಅದರಲ್ಲಿ ಬೆಸುಗೆಯ ಹಳಕು, ಡ್ರಿಲ್ಲಿನ ಚೂರು, ತುಕ್ಕು ಬಾರದಂತೆ ಬಳಿದ ಎಣ್ಣೆ ಇರುತ್ತವೆ. ಬಯಲಿನಲ್ಲಿ ಒಂದು ಲೀಟರ್ ಪೆಟ್ರೋಲ್ ಹಾಕಿ, ಎಲ್ಲ ಬಾಯಿಗಳನ್ನು ಮುಚ್ಚಿ, ಟ್ಯಾಂಕನ್ನು ಮಗ್ಗುಲು ಮಗ್ಗುಲಾಗಿ ಹೊರಳಿಸಿ, ಹಳೆಯ ಬಿಳಿ ಧೋತರದ ತುಂಡಿನ ಮೂಲಕ ಸೋಸಿ ಹೊರತೆಗೆಯಬೇಕು. ಬಟ್ಟೆಯ ಮೇಲೆ ಚೂರು ನಿಲ್ಲದಂತಾಗುವವರೆಗೆ ಇದನ್ನೇ ಮಾಡಬೇಕು. ತೊಳೆದ ಟ್ಯಾಂಕಿನಲ್ಲಿ ಆವಿ ಉಳಿದಿರುತ್ತದೆ, ಆದ್ದರಿಂದ ಬಾಯಿಗಳನ್ನು ತೆರೆದು ಚೆನ್ನಾಗಿ ಗಾಳಿಯಾಡಲು ಬಿಟ್ಟ ಮೇಲೆಯೇ ಮುಂದಿನ ಕೆಲಸಕ್ಕೆ ಕೈ ಹಾಕಬೇಕು.

ಸೋರಿಕೆಯ ಪರೀಕ್ಷೆ ಈ ಹಂತದ ಜೀವಾಳ. ಗ್ಯಾರೇಜುಗಳಲ್ಲಿ ಕಂಪ್ರೆಸರಿನ ಹೋಸನ್ನು ಟ್ಯಾಂಕಿನ ಬಾಯಿಗೆ ಹಿಡಿಯುವುದನ್ನು ಕಾಣುತ್ತೇವೆ, ಅದು ತಪ್ಪು. ಅರ್ಧ ಮೀಟರ್ ಎತ್ತರದ ನೀರು ಕೊಡುವ ಒತ್ತಡ ಚದರ ಸೆಂಟಿಮೀಟರಿಗೆ ಬರಿ 50 ಗ್ರಾಂ. ಆದರೆ 50 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಟ್ಯಾಂಕಿನ ಒಂದು ಮುಖದ ಮೇಲೆ ಅದು 125 ಕಿಲೋಗ್ರಾಂ ಭಾರವಾಗುತ್ತದೆ. ಕಂಪ್ರೆಸರ್ ಕೊಡುವ ಒತ್ತಡ ಇದರ ನೂರು ಪಟ್ಟಿಗಿಂತಲೂ ಹೆಚ್ಚು. ಒಂದು ಕ್ಷಣದಲ್ಲಿ ಟ್ಯಾಂಕ್ ಉಬ್ಬಿ ಬೆಸುಗೆ ಬಿಡುತ್ತದೆ. ಸರಿಯಾದ ಸಾಧನ ಪ್ರತಿ ಊರಿನಲ್ಲೂ ಸಿಗುತ್ತದೆ: ಗೌಂಡಿಗಳು ಗೋಡೆಯ ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು. ಅದನ್ನು ಹಲಗೆಯ ಮೇಲೆ ಇಂಗ್ಲಿಷಿನ ಯು ಆಕಾರದಲ್ಲಿ ಕಟ್ಟಿ, ಅರ್ಧದಷ್ಟು ನೀರು ತುಂಬಿ, ಒಂದು ತುದಿಯನ್ನು ಟ್ಯಾಂಕಿನಿಂದ ಪೆಟ್ರೋಲ್ ಹೊರಡುವ ಬಾಯಿಗೆ ಜೋಡಿಸಬೇಕು. ಉಳಿದ ಬಾಯಿಗಳನ್ನೆಲ್ಲ ಮುಚ್ಚಿ, ಗಾಳಿಯ ಕಿಂಡಿಯ (ಪೆಟ್ರೋಲ್ ಕಡಿಮೆಯಾದಂತೆ ಟ್ಯಾಂಕಿನೊಳಗೆ ಗಾಳಿ ಬಿಡುವ ಬಾಯಿ) ಮೂಲಕ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ತುಂಬುತ್ತ, ಎರಡು ಕಡೆಯ ನೀರಿನ ಮಟ್ಟದ ನಡುವೆ ಅರ್ಧ ಮೀಟರ್ ಅಂತರ ಬಂದಾಗ ಆ ಕಿಂಡಿಯನ್ನೂ ಮುಚ್ಚಬೇಕು. ಪಂಪು ಸ್ವಲ್ಪ ಹೆಚ್ಚು ಒತ್ತಿದರೂ ನೀರು ಪೈಪಿನಿಂದ ಹೊರಚಿಮ್ಮಿ ಗಾಳಿ ಹೋಗುವುದರಿಂದ ಟ್ಯಾಂಕಿಗೆ ಅಪಾಯವಿಲ್ಲ. ಕಾಲು ಗಂಟೆಯವರೆಗೆ ಅಂತರ ಇಳಿಯದಿದ್ದರೆ ಟ್ಯಾಂಕ್ ಗಟ್ಟಿಯಾಗಿದೆ. ಇಳಿದರೆ ಬ್ರಷ್ಷಿನಿಂದ ಸಾಬೂನಿನ ನೀರು ಬಳಿದು ಗುಳ್ಳೆ ಏಳುವ ಜಾಗ ಹುಡುಕಬೇಕು. ಇದನ್ನು ನೆರಳಿನಲ್ಲೇ ಮಾಡಬೇಕು, ಏಕೆಂದರೆ ಟ್ಯಾಂಕಿನೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೂ ನೀರಿನ ಮಟ್ಟ ಒಂದೆರಡು ಸೆಂಟಿಮೀಟರ್ ಏರಿ, ಸಣ್ಣ ಸೋರಿಕೆಯನ್ನು ಮರೆಮಾಚುತ್ತದೆ. ಗದುಗಿನ ಏಪ್ರಿಲ್ ಬಿಸಿಲಿನಲ್ಲಿ ಸೋರುವ ಟ್ಯಾಂಕೂ ಪಾಸಾಗುತ್ತದೆ.

ಫ್ಲೋಟಿನ ವಿಚಾರದಲ್ಲಿ ಹಳೆಯದು ಚೆನ್ನಾಗಿದ್ದರೆ ಹಳೆಯದನ್ನೇ ಉಳಿಸಿಕೊಳ್ಳುವುದು ಲೇಸು. ಗೇಜು ಮತ್ತು ಫ್ಲೋಟ್ ಒಂದು ಜೋಡಿ. ಬೇರೆ ತಯಾರಕರ ಫ್ಲೋಟಿನ ವಿದ್ಯುತ್ ರೋಧ ಬೇರೆಯಾಗಿರುತ್ತದೆ, ಆಗ ಮುಳ್ಳು ಆಡಿದರೂ ಸುಳ್ಳು ಹೇಳುತ್ತದೆ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಫ್ಲೋಟಿನ ಕೈಯನ್ನು ತಳದಿಂದ ಮೇಲಿನವರೆಗೆ ನಿಧಾನವಾಗಿ ಎತ್ತಿದಾಗ ಸಂಖ್ಯೆ ಎಲ್ಲೂ ಕಡಿಯದೆ ಒಂದೇ ಸಮನೆ ಬದಲಾಗಬೇಕು. ನಡುವೆ ಎಲ್ಲಿಯಾದರೂ ಸಂಪರ್ಕ ತಪ್ಪಿದರೆ ಒಳಗಿನ ತಂತಿಯ ಸುರುಳಿ ಅಲ್ಲಿ ಸವೆದಿದೆಯೆಂದು ಅರ್ಥ. ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಅಲುಗಾಡಿಸಿ ನೋಡಬೇಕು. ಒಳಗೆ ಪೆಟ್ರೋಲ್ ಸದ್ದು ಮಾಡಿದರೆ ಅದು ತೂತಾಗಿದೆ. ಅರಗು ಬಳಿದ ಬೆಂಡಿನ ಫ್ಲೋಟ್ ಇದ್ದರೆ ಕೇಳುವುದೇ ಬೇಡ, ಈಗಿನ ಪೆಟ್ರೋಲಿನ ಎಥೆನಾಲಿನಲ್ಲಿ ಆ ಅರಗು ಕರಗುತ್ತದೆ. ಬಳಿಕ ಫ್ಲೋಟನ್ನು ಗಾಡಿಯ ವೈರಿಗೆ ಜೋಡಿಸಿ, ಅದರ ಮೈಯನ್ನು ಬೇರೊಂದು ವೈರಿನಿಂದ ಗಾಡಿಯ ಬಾಡಿಗೆ ತಾಗಿಸಿ, ಕೀ ಹಾಕಿ, ಕೈಯನ್ನು ಎತ್ತಿ ಇಳಿಸುವಾಗ ಮತ್ತೊಬ್ಬರು ಮುಳ್ಳನ್ನು ನೋಡಬೇಕು. ಕೆಲವು ಗೇಜುಗಳ ಮುಳ್ಳು ನಿಲ್ಲಲು ಅರ್ಧ ನಿಮಿಷ ಬೇಕಾಗುತ್ತದೆ, ಅವಸರ ಮಾಡಬಾರದು. ಈ ಪರೀಕ್ಷೆಯನ್ನು ಹಳೆಯ ಟ್ಯಾಂಕಿನ ಪೆಟ್ರೋಲಿಗೆ ಕೈ ಹಚ್ಚುವ ಮೊದಲೇ, ಟ್ಯಾಂಕಿನಿಂದ ದೂರದಲ್ಲಿ ಮುಗಿಸಿಕೊಳ್ಳಬೇಕು. ಆವಿ ಹರಡಿರುವ ಜಾಗದಲ್ಲಿ ಒಂದು ಕಿಡಿ ಸಾಕು. ಬಿಡಿ ಫ್ಲೋಟ್ ಕೈಯಲ್ಲಿ ಇಲ್ಲದಿದ್ದರೆ, ಟ್ಯಾಂಕ್ ಇಳಿಸಿ ಗಾಡಿಯಿಂದ ಬಹುದೂರ ಸಾಗಿಸಿ, ಗಾಳಿ ಚೆನ್ನಾಗಿ ಆಡಿದ ಮೇಲೆ ಇದನ್ನು ಮಾಡಬಹುದು.

ಕೊನೆಯದಾಗಿ, ಪೆಟ್ರೋಲ್ ಹೀರುವ ಪೈಪಿನ ತುದಿ ತಳಕ್ಕೆ ತಾಗಿರದೆ ಒಂದು ಬೆರಳಿನಷ್ಟು ಮೇಲಿರಬೇಕು. ತಾಗಿದ್ದರೆ ತಳದ ನೀರನ್ನೇ ಮೊದಲು ಎಳೆಯುತ್ತದೆ. ಹೊರಮೈಗೆ ಪ್ರೈಮರ್ ಮತ್ತು ಎರಡು ಕೈ ಬಣ್ಣ ಹೊಡೆಯುವಾಗ ಅರ್ಥ್ ವೈರ್ (ವಿದ್ಯುತ್ತನ್ನು ಗಾಡಿಯ ಬಾಡಿಗೆ ಸೇರಿಸುವ ವೈರ್) ಕೂಡಿಸುವ ಜಾಗವನ್ನು ಮಾತ್ರ ಬಣ್ಣವಿಲ್ಲದೆ ಬಿಡಬೇಕು.

ಪೆಟ್ರೋಲ್ ತೆಗೆಯುವುದು

ಟ್ಯಾಂಕ್ ಬಿಚ್ಚುವ ಮೊದಲಿನ ಕೆಲವು ದಿನ ಗಾಡಿ ಓಡಿಸಿ ಪೆಟ್ರೋಲನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ಅಂಬಾಸಿಡರಿನ ಟ್ಯಾಂಕ್ ಸುಮಾರು 54 ಲೀಟರಿನದು. ತುಂಬಿದ್ದರೆ ಪೆಟ್ರೋಲಿನ ತೂಕವೇ 40 ಕಿಲೋಗ್ರಾಂ ಆಗುತ್ತದೆ. ಅಲ್ಲದೆ 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ 30 ಲೀಟರಿಗಿಂತ ಹೆಚ್ಚು ಪೆಟ್ರೋಲನ್ನು ಮನೆಯಲ್ಲಿ ಇಡುವಂತಿಲ್ಲ.

ಪೆಟ್ರೋಲ್ ದ್ರವವಾಗಿ ಉರಿಯುವುದಕ್ಕಿಂತ ಆವಿಯಾಗಿ ಉರಿಯುವುದು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಅದು ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಮೇಲೇರಿ ಹೋಗದೆ ನೆಲ ಹಿಡಿದು ಹರಿಯುತ್ತದೆ. ಆದ್ದರಿಂದ ಗ್ಯಾರೇಜಿನ ಗುಂಡಿಯ ಮೇಲೆ ಗಾಡಿ ನಿಲ್ಲಿಸಿ ಈ ಕೆಲಸ ಮಾಡಲೇಬಾರದು, ಮುಚ್ಚಿದ ಶೆಡ್ಡಿನಲ್ಲಿಯೂ ಕೂಡದು. ಮನೆಯ ಹಿತ್ತಲಿನಲ್ಲಿ ಮಾಡುವುದಾದರೆ ಬಚ್ಚಲಿನ ಹಂಡೆಯ ಒಲೆಯಲ್ಲಿ ಕೆಂಡವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬೆಳಗಿನ ಸ್ನಾನದ ನೀರು ಕಾಯಿಸಿದ ಒಲೆಯ ಬೂದಿಯೊಳಗೆ ಮಧ್ಯಾಹ್ನದವರೆಗೂ ಕೆಂಡ ಉಳಿದಿರುತ್ತದೆ. ಬೋರ್‌ವೆಲ್ ಮೋಟಾರಿನ ಸ್ವಿಚ್ಚನ್ನು ಯಾರೂ ಮುಟ್ಟದಂತೆ ಮನೆಯವರಿಗೆ ಹೇಳಿಡಬೇಕು. ಒಣಪುಡಿಯ ಅಗ್ನಿಶಾಮಕ ಸಿಲಿಂಡರ್ ಕೈಗೆಟಕುವಂತಿರಬೇಕು, ಜೊತೆಗೆ ಒಂದು ಬುಟ್ಟಿ ಉಸುಕು. ನೀರಿನ ಬಕೆಟ್ ಇಟ್ಟುಕೊಂಡು ಸಮಾಧಾನಪಡಬಾರದು, ನೀರು ಹಾಕಿದರೆ ಉರಿಯುವ ಪೆಟ್ರೋಲ್ ತೇಲಿ ಹರಡುತ್ತದೆ.

ಬ್ಯಾಟರಿಯ ಅರ್ಥ್ ವೈರನ್ನು ಮೊದಲು ತೆಗೆಯಬೇಕು. ಬ್ರಿಟಿಷ್ ಮೂಲದ ಕೆಲವು ಹಳೆಯ ಗಾಡಿಗಳಲ್ಲಿ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರುವುದರಿಂದ, ಬಣ್ಣ ನೋಡದೆ ಯಾವ ವೈರ್ ಬಾಡಿಗೆ ಹೋಗಿದೆಯೋ ಅದನ್ನು ತೆಗೆಯಬೇಕು. ಪೆಟ್ರೋಲನ್ನು ಬಾಯಿಂದ ಎಳೆಯುವ ಹಳೆಯ ರೂಢಿ ಶ್ವಾಸಕೋಶಕ್ಕೆ ಕುತ್ತು; ಕೈಯಿಂದ ಹಿಚುಕುವ ಪಂಪು ಅಗ್ಗದಲ್ಲೇ ಸಿಗುತ್ತದೆ. ಮುಚ್ಚಳ ಬಿಗಿಯಾದ ಲೋಹದ ಕ್ಯಾನಿಗೆ ಪೆಟ್ರೋಲ್ ಇಳಿಸುವಾಗ ಕ್ಯಾನನ್ನು ನೆಲದ ಮೇಲೇ ಇಟ್ಟು, ಅದನ್ನೂ ಗಾಡಿಯ ಬಾಡಿಯನ್ನೂ ಒಂದು ವೈರಿನಿಂದ ಜೋಡಿಸಿದರೆ ಹರಿಯುವ ಪೆಟ್ರೋಲಿನಿಂದ ಹುಟ್ಟುವ ಸ್ಥಿರವಿದ್ಯುತ್ತಿನ ಕಿಡಿಯ ಭಯ ಇರುವುದಿಲ್ಲ.

ಹಳೆಯದನ್ನು ಇಳಿಸುವುದು

ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಎರೆಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ಇಳಿಯುತ್ತದೆ, ಶಹಾಬಾದ್ ಫರಸಿಯ ಮೇಲೆ ಇಟ್ಟರೆ ಫರಸಿ ಸೀಳುತ್ತದೆ. ಎರಡೂ ಕಡೆ ದಪ್ಪ ಮರದ ಹಲಗೆ ಬೇಕು.

ಅಂಬಾಸಿಡರಿಗೆ ಇಂಚಿನ ಪಾನಾ, ಪದ್ಮಿನಿಗೆ ಮಿಲಿಮೀಟರಿನ ಪಾನಾ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು; ಹತ್ತಿರದ ಅಳತೆಯ ಪಾನಾ ಹಾಕಿದರೆ ನಟ್ಟಿನ ಮೂಲೆ ಉರುಟಾಗುತ್ತದೆ. ಹಿಂದಿನ ದಿನವೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು. ಆದರೂ ಬಿಡದಿದ್ದರೆ ಹ್ಯಾಕ್ಸಾ ಬ್ಲೇಡಿಗೆ ಎಣ್ಣೆ ಹಚ್ಚಿ ಕೈಯಿಂದ ಕೊಯ್ಯಬೇಕು. ಗ್ರೈಂಡರ್, ಗ್ಯಾಸ್ ಕಟರ್ ಈ ಜಾಗದಿಂದ ದೂರವೇ ಇರಲಿ. ಪೈಪು, ಬಾಯಿಯ ಹೋಸು, ಫ್ಲೋಟಿನ ವೈರ್, ಗಾಳಿಯ ಪೈಪು ಎಲ್ಲವನ್ನೂ ಬಿಚ್ಚಿ, ಯಾವುದು ಎಲ್ಲಿತ್ತೆಂದು ಚಿತ್ರ ತೆಗೆದಿಟ್ಟ ಮೇಲೆ, ಟ್ಯಾಂಕಿನ ಕೆಳಗೆ ಹಲಗೆಯಿಟ್ಟ ಜಾಕನ್ನು ಕೊಟ್ಟು, ಪಟ್ಟಿಯ ಅಥವಾ ಅಂಚಿನ ಬೋಲ್ಟುಗಳನ್ನು ಕೊನೆಯಲ್ಲಿ ತೆಗೆಯಬೇಕು. ಫ್ಲೋಟನ್ನು ಹಿಡಿದಿರುವುದು ತಿರುಗಿಸುವ ಬಳೆಯಾಗಿದ್ದರೆ ಅದನ್ನು ಹಿತ್ತಾಳೆಯ ತುಂಡಿನಿಂದಲೋ ಗಟ್ಟಿ ಕಟ್ಟಿಗೆಯಿಂದಲೋ ತಟ್ಟಿ ಬಿಡಿಸಬೇಕು. ಉಕ್ಕಿನ ಮೇಲೆ ಉಕ್ಕು ಬಡಿದರೆ ಕಿಡಿ ಹಾರುತ್ತದೆ.

ಇಳಿಸಿದ ಹಳೆಯ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ತುಂಬಿದ ಟ್ಯಾಂಕಿನಲ್ಲಿ ಉರಿಯಲು ಗಾಳಿ ಇರುವುದಿಲ್ಲ; ಖಾಲಿಯಾದುದರಲ್ಲಿ ಆವಿಯೂ ಗಾಳಿಯೂ ಬೆರೆತಿರುತ್ತವೆ, ಗಾಳಿಯಲ್ಲಿ ಶೇಕಡಾ ಒಂದೂವರೆಯಿಂದ ಏಳರಷ್ಟು ಆವಿ ಬೆರೆತರೆ ಸ್ಫೋಟಕ್ಕೆ ಸಾಕು. ಅದನ್ನು ಹಾಗೆಯೇ ಗುಜರಿಯವನಿಗೆ ಕೊಟ್ಟರೆ ಅವನು ಗ್ಯಾಸ್ ಕಟರ್ ಹಿಡಿಯುತ್ತಾನೆ. ಸಾಬೂನಿನ ಬಿಸಿನೀರಿನಿಂದ ಪದೇ ಪದೇ ತೊಳೆದು, ಕಂಠಮಟ್ಟ ನೀರು ತುಂಬಿಸಿ, ಪೆಟ್ರೋಲ್ ಟ್ಯಾಂಕೆಂದು ದೊಡ್ಡಕ್ಷರದಲ್ಲಿ ಬರೆದು, ಬಾಯಿಯಿಂದಲೂ ಹೇಳಿ ಕೊಡಬೇಕು.

ಹೊಸದನ್ನು ಕೂಡಿಸುವುದು

ಟ್ಯಾಂಕ್ ಇಲ್ಲದೆ ತೆರೆದಿರುವ ಬಾಡಿಯ ತಳವನ್ನು ಕೆರೆದು ತೊಳೆದು ಬಣ್ಣ ಹೊಡೆಯಲು ಇದಕ್ಕಿಂತ ಒಳ್ಳೆಯ ಸಮಯ ಇನ್ನು ಸಿಗದು. ಪಟ್ಟಿಗೂ ಟ್ಯಾಂಕಿಗೂ ನಡುವೆ ಹಿಂದೆ ಉಣ್ಣೆಯ ನಮದೆಯೋ ಗೋಣಿಯೋ ಇದ್ದರೆ ಅದನ್ನು ಎಸೆದು ರಬ್ಬರ್ ಪಟ್ಟಿ ಕೊಡಬೇಕು. ನೀರು ಹಿಡಿಯುವ ಯಾವುದೂ ಅಲ್ಲಿರಕೂಡದು.

ಪೆಟ್ರೋಲ್ ಹೋಸುಗಳನ್ನೆಲ್ಲ ಒಟ್ಟಿಗೆ ಬದಲಿಸಬೇಕು. ಅಂಗಡಿಯಲ್ಲಿ ಬರಿ ಪೆಟ್ರೋಲ್ ಪೈಪು ಎಂದು ಕೇಳಿದರೆ ಸಾದಾ ರಬ್ಬರಿನದು ಕೊಡುತ್ತಾರೆ, ಅದು ಎಥೆನಾಲಿಗೆ ಉಬ್ಬಿ, ಆಮೇಲೆ ಬಿರಿಯುತ್ತದೆ. ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು (ಎಥೆನಾಲ್ ತಾಳುವ ಹೋಸಿನ ದರ್ಜೆಯ ಗುರುತು) ಅಚ್ಚಾಗಿರುವುದನ್ನು ನೋಡಿ ಕೊಳ್ಳಬೇಕು. ಎಂಜಿನ್ ಮೇಲಿನ ಪೆಟ್ರೋಲ್ ಪಂಪಿನ ಡಯಾಫ್ರಾಮಿಗೂ, ಅಂದರೆ ಅದರೊಳಗಿನ ಪೊರೆಗೂ, ಇದೇ ಮಾತು. ಅದು ಸೀಳಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರುತ್ತದೆ. ಟ್ಯಾಂಕ್ ಬದಲಿಸುವ ಹೊತ್ತಿಗೆ ಆಯಿಲ್ ಅಳೆಯುವ ಕಡ್ಡಿಯನ್ನು ಮೂಸಿ ನೋಡುವುದು ಒಳ್ಳೆಯ ಅಭ್ಯಾಸ. ಟ್ಯಾಂಕಿನಿಂದ ಪಂಪಿನವರೆಗಿನ ಲೋಹದ ಪೈಪನ್ನು ಎರಡೂ ತುದಿ ಬಿಚ್ಚಿರುವಾಗಲೇ ಗಾಳಿ ಊದಿ ಚೊಕ್ಕ ಮಾಡಬೇಕು. ಹಳೆಯ ಟ್ಯಾಂಕಿನ ತುಕ್ಕು ಅದರಲ್ಲಿ ಉಳಿದಿದ್ದರೆ ಹೊಸ ಟ್ಯಾಂಕಿನ ಹೆಸರು ಕೆಡಿಸುತ್ತದೆ.

ಫ್ಲೋಟನ್ನು ಹೊಸ ಪ್ಯಾಕಿಂಗಿನೊಂದಿಗೆ ಟ್ಯಾಂಕ್ ಕೆಳಗಿರುವಾಗಲೇ ಕೂಡಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸಿಲಿಕಾನ್ ಸೀಲೆಂಟ್ ಪೆಟ್ರೋಲಿನಲ್ಲಿ ಮೆತ್ತಗಾಗುತ್ತದೆ, ಅದನ್ನು ಬಳಸಬಾರದು. ಫ್ಲೋಟಿನ ಮೈಯಿಂದ ಬಾಡಿಯ ಬರಿ ಲೋಹಕ್ಕೆ ಪ್ರತ್ಯೇಕ ಅರ್ಥ್ ವೈರ್ ಕೊಡಬೇಕು. ಹಳೆಯ ಟ್ಯಾಂಕಿನಲ್ಲಿ ಬೋಲ್ಟುಗಳೇ ಅರ್ಥ್ ಕೊಡುತ್ತಿದ್ದವು. ಹೊಸದರಲ್ಲಿ ಬಣ್ಣವೂ ರಬ್ಬರೂ ಸೇರಿ ಆ ದಾರಿ ಮುಚ್ಚಿರುತ್ತವೆ. ಹೊಸ ಟ್ಯಾಂಕ್ ಹಾಕಿದ ಮೇಲೆ ಗೇಜು ಸತ್ತಿತೆಂಬ ದೂರುಗಳಿಗೆ ಬಹಳ ಸಲ ಈ ಒಂದು ವೈರ್ ಮದ್ದು.

ಟ್ಯಾಂಕನ್ನು ಜಾಕಿನಿಂದ ಮೇಲೆತ್ತಿ, ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದಲೇ ಹಿಡಿಸಿ, ಬಾಯಿಯ ಹೋಸು ಎಳೆತವಿಲ್ಲದೆ ನೇರವಾಗಿ ಕೂಡುವುದನ್ನು ನೋಡಿ, ಆಮೇಲೆ ಪಾನಾ ಹಾಕಬೇಕು. ಹೋಸು ಓರೆಯಾಗಿದ್ದರೆ ಕ್ಲಿಪ್ಪಿನಿಂದ ಎಳೆದು ಸರಿಮಾಡುವ ಬದಲು ಟ್ಯಾಂಕನ್ನೇ ಸರಿಸಬೇಕು. ಪಟ್ಟಿಯನ್ನು ಟ್ಯಾಂಕ್ ಅಲುಗಾಡದಷ್ಟು ಬಿಗಿದರೆ ಸಾಕು, ತಗಡು ಒಳಗೆ ಒತ್ತುವಷ್ಟು ಬೇಡ.

ಗಾಳಿಯ ಕಿಂಡಿಯ ಬಗ್ಗೆ ಒಂದು ಎಚ್ಚರಿಕೆ. ಕೆಲವು ಗಾಡಿಗಳಲ್ಲಿ ಗಾಳಿ ಒಳಹೋಗುವುದು ಪ್ರತ್ಯೇಕ ಪೈಪಿನಿಂದ, ಕೆಲವುಗಳಲ್ಲಿ ಮುಚ್ಚಳದ ಸಣ್ಣ ತೂತಿನಿಂದ. ತೂತಿಲ್ಲದ ಹೊಸ ಮುಚ್ಚಳವನ್ನು ಎರಡನೆಯ ಬಗೆಯ ಗಾಡಿಗೆ ಹಾಕಿದರೆ, ಪಂಪು ಪೆಟ್ರೋಲ್ ಎಳೆದಂತೆ ಟ್ಯಾಂಕಿನೊಳಗೆ ನಿರ್ವಾತವಾಗಿ, ಸ್ವಲ್ಪ ದೂರ ಓಡಿದ ಮೇಲೆ ಎಂಜಿನ್ ನಿಲ್ಲುತ್ತದೆ. ಮುಚ್ಚಳ ತೆಗೆದಾಗ ಬುಸ್ಸೆಂದು ಗಾಳಿ ನುಗ್ಗಿ, ಮತ್ತೆ ಗಾಡಿ ಚಾಲೂ ಆದರೆ ಬೇರೆಲ್ಲೂ ಹುಡುಕುವ ಅಗತ್ಯವಿಲ್ಲ.

ಪೆಟ್ರೋಲ್ ಹಾಕಿದ ಮೇಲೆ

ಮೊದಲು ಐದು ಲೀಟರ್ ಮಾತ್ರ ಹಾಕಿ, ಕೀಲುಗಳನ್ನೆಲ್ಲ ಒಣ ಕಾಗದದಿಂದ ಒತ್ತಿ ನೋಡಬೇಕು. ಕಣ್ಣಿಗೆ ಕಾಣದ ತೇವ ಕಾಗದದ ಮೇಲೆ ಕಾಣುತ್ತದೆ. ಎಲ್ಲವೂ ಒಣಗಿದ್ದು, ವಾಸನೆ ಹೋದ ಮೇಲೆ ಬ್ಯಾಟರಿ ಜೋಡಿಸಿ ಎಂಜಿನ್ ಚಾಲೂ ಮಾಡಬೇಕು. ಪೈಪಿನಲ್ಲಿ ಗಾಳಿ ಇರುವುದರಿಂದ ಸ್ಟಾರ್ಟರನ್ನು ಒಂದೇ ಸಮನೆ ತಿರುಗಿಸಿ ಸುಡುವ ಬದಲು, ಪಂಪಿಗೆ ಕೈಯಿಂದ ಒತ್ತುವ ಸನ್ನೆ ಇದ್ದರೆ ಅದನ್ನು ಒತ್ತಿ ಕಾರ್ಬ್ಯುರೇಟರಿಗೆ ಪೆಟ್ರೋಲ್ ತಲುಪಿಸಬೇಕು. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಕಾಗದದ ಪರೀಕ್ಷೆ ಮಾಡಿ, ಹತ್ತಿರದ ಬಂಕಿಗೆ ಹೋಗಿ, ಐದೈದು ಲೀಟರ್ ಹಾಕಿಸುತ್ತ ಪ್ರತಿ ಸಲವೂ ಮುಳ್ಳು ನಿಲ್ಲುವ ಜಾಗವನ್ನು ಬರೆದುಕೊಳ್ಳಬೇಕು. ಹಿಂದೆ ನಿಂತವರು ಗೊಣಗದಿರಲು ನಸುಕಿನಲ್ಲಿ ಹೋಗುವುದು ಮೇಲು. ಆ ಬರಹವನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ, ಗೇಜು ಸ್ವಲ್ಪ ತಪ್ಪು ತೋರಿಸಿದರೂ ದಾರಿಯಲ್ಲಿ ನಿಲ್ಲುವ ಪ್ರಸಂಗ ಬಾರದು.

ಪೂರ್ತಿ ತುಂಬಿದಾಗ ಫ್ಲೋಟಿನ ಪ್ಯಾಕಿಂಗನ್ನೂ ಬಾಯಿಯ ಹೋಸನ್ನೂ ಮತ್ತೆ ನೋಡಬೇಕು, ಏಕೆಂದರೆ ಅವು ಸೋರುವುದಿದ್ದರೆ ಆಗಲೇ. ಮೊದಲ ಓಟಕ್ಕೆ ಉಣಕಲ್, ನವನಗರ, ರಾಯಾಪುರದ ಮೇಲೆ ಹಾಯ್ದು ಧಾರವಾಡಕ್ಕೆ ಹೋಗುವ ಸುಮಾರು 20 ಕಿಲೋಮೀಟರಿನ ದಾರಿ ಅನುಕೂಲ. ಗಾಳಿಯ ಕಿಂಡಿಯ ದೋಷವಿದ್ದರೆ ಅಷ್ಟು ದೂರದಲ್ಲಿ ತೋರಿಬರುವ ಸಂಭವ ಹೆಚ್ಚು, ನಿಂತರೂ ಸಹಾಯ ಸಿಗುತ್ತದೆ. ಪೆಟ್ರೋಲ್ ಫಿಲ್ಟರನ್ನು ಎಕ್ಸಾಸ್ಟ್ ಪೈಪಿನ ಕಾವಿನಿಂದ ದೂರವಿರುವ ಜಾಗದಲ್ಲಿ ಹಾಕಿ, ಮೊದಲ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಅದನ್ನು ಬದಲಿಸಬೇಕು. ಎಷ್ಟು ತೊಳೆದರೂ ಒಂದಿಷ್ಟು ಚೂರು ಅದರಲ್ಲಿ ಬಂದು ನಿಂತಿರುತ್ತದೆ. ಅಷ್ಟರಲ್ಲಿ ಪಟ್ಟಿಯ ಕೆಳಗಿನ ರಬ್ಬರ್ ಒತ್ತಿ ಕೂತಿರುವುದರಿಂದ ಬೋಲ್ಟುಗಳನ್ನೂ ಅದೇ ಸಲ ಒಮ್ಮೆ ಬಿಗಿದುಕೊಳ್ಳಬೇಕು.